ಭಾವನಿಗೆ ಎಕ್ಮೋ ಹಾಕಿದರು, ಪಕ್ಕದ ಮನೆಯವರಿಗೆ ಯಾಕೆ ಹಾಕಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಾಪು ಹತ್ತಿರ ಒಂದು ಹಳ್ಳಿ. ಕಳೆದ ಮಳೆಗಾಲದಲ್ಲಿ ನನ್ನ ಭಾವನಿಗೆ (42 ವರ್ಷ) ಇಲಿ ಜ್ವರ ಬಂತು. ನಾಲ್ಕೈದು ದಿನದಲ್ಲೇ ಕಫದಲ್ಲಿ ರಕ್ತ ಕಾಣಿಸಿಕೊಂಡು ಉಸಿರಾಟ ಕಷ್ಟವಾಯಿತು. ವೆಂಟಿಲೇಟರ್ ಹಾಕಿದರೂ ಆಕ್ಸಿಜನ್ ಏರಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗಿ ಎಕ್ಮೋ ಹಾಕಿದರು. ಒಂದು ವಾರದ ನಂತರ ಮೆಷಿನ್ ತೆಗೆದರು, ಬದುಕಿ ಬಂದರು. ಈ ಜನವರಿಯಲ್ಲಿ ಪಕ್ಕದ ಮನೆಯ ಹಿರಿಯರು (74 ವರ್ಷ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು) ಮನೆಯಲ್ಲೇ ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ದಾಟಿತ್ತು. 'ಖರ್ಚು ಎಷ್ಟಾದರೂ ಆಗಲಿ, ಎಕ್ಮೋ ಹಾಕಿ' ಅಂತ ಮಕ್ಕಳು ಬೇಡಿಕೊಂಡರೂ ಡಾಕ್ಟರು ಒಪ್ಪಲಿಲ್ಲ. ಭಾವನಿಗೆ ಬಿಲ್ ಏರಿಸಲು ಹಾಕಿದ್ದು ಅಂತ ಊರಲ್ಲಿ ಕೆಲವರು ಹೇಳುತ್ತಾರೆ. ಪಕ್ಕದವರನ್ನು ವಯಸ್ಸಾಯಿತೆಂದು ಕೈಬಿಟ್ಟರು ಅಂತ ಇನ್ನು ಕೆಲವರು. ಯಾವುದು ನಿಜ? ಇನ್ನೊಂದು, ಭಾವನಿಗೆ ಈಗಲೂ ಬಲತೊಡೆ ಜೋಮು ಹಿಡಿದ ಹಾಗಿರುತ್ತದೆ, ರಾತ್ರಿ ಹೆದರಿ ಏಳುತ್ತಾರೆ. ಇದು ಎಕ್ಮೋದಿಂದಲೇ ಆಗಿದ್ದಾ?

ಉತ್ತರ: ಇಬ್ಬರ ಫೈಲನ್ನೂ ನಾನು ನೋಡಿಲ್ಲ, ಹಾಗಾಗಿ ಯಾವ ಆಸ್ಪತ್ರೆಯ ಪರವಾಗಿಯೂ ಮಾತಾಡುತ್ತಿಲ್ಲ. ಆದರೆ ನೀವು ಬರೆದ ನಾಲ್ಕು ಸಾಲಿನಲ್ಲೇ ಇಬ್ಬರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಊರಿನವರು ಹೇಳುವ ಎರಡು ಕಾರಣಗಳೂ ನನಗೆ ಸರಿ ಕಾಣುವುದಿಲ್ಲ.

ಎಕ್ಮೋ ಅಂದರೆ ರಕ್ತವನ್ನು ದೇಹದಿಂದ ಆಚೆ ತೆಗೆದು, ಆಕ್ಸಿಜನ್ ಸೇರಿಸಿ ವಾಪಸ್ ಕಳಿಸುವ ಮೆಷಿನ್. ಅದು ಯಾವ ಕಾಯಿಲೆಗೂ ಮದ್ದಲ್ಲ. ಇಲಿ ಜ್ವರ, ನ್ಯುಮೋನಿಯಾ, ಹಾರ್ಟ್ ಅಟ್ಯಾಕ್ ಇದ್ಯಾವುದನ್ನೂ ಅದು ವಾಸಿ ಮಾಡುವುದಿಲ್ಲ. ಜೋರು ಮಳೆಗೆ ಮಾಡಿನ ಹೆಂಚು ಒಡೆದರೆ ನಮ್ಮ ಕಡೆ ಟರ್ಪಾಲು ಹೊದಿಸುತ್ತೇವೆ, ಅಲ್ವಾ? ಮಳೆ ಬಿಡುವವರೆಗೆ ಮನೆ ಉಳಿಯುತ್ತದೆ, ಆಮೇಲೆ ಹೆಂಚು ಹಾಕಿಕೊಳ್ಳಬಹುದು. ಪಕ್ಕಾಸನ್ನೇ ಗೆದ್ದಲು ತಿಂದಿದ್ದರೆ ಎಂಥ ಟರ್ಪಾಲು ತಂದರೂ ಉಪಯೋಗವಿಲ್ಲ.

ಹಾಗಾಗಿ ಎಕ್ಮೋ ಮಾತು ಬಂದಾಗ ನಾವು ಡಾಕ್ಟರುಗಳು ಒಬ್ಬರಿಗೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಹಾಕಿ ಯಾವುದಕ್ಕೆ ಕಾಯುವುದು? ಶ್ವಾಸಕೋಶ ಸುಧಾರಿಸಲಿ ಅಂತ ಕಾಯಬಹುದು. ಹೃದಯದ ಉರಿಯೂತ ಇಳಿಯಲಿ, ದೇಹದೊಳಗಿನ ವಿಷ ಹೊರಹೋಗಲಿ, ಬದಲಿ ಹೃದಯ ಸಿಗಲಿ ಅಂತಲೂ ಕಾಯಬಹುದು. ಕಾಯಲು ಏನೂ ಇಲ್ಲದಿದ್ದರೆ ಹಾಕಬಾರದು. ಹಾಕಿದರೆ ಸಾವು ಹಿಂದಕ್ಕೆ ಹೋಗುವುದಿಲ್ಲ, ಉದ್ದವಾಗುತ್ತದೆ ಅಷ್ಟೇ.

ಈಗ ಮೆಷಿನ್ ಬಗ್ಗೆ. ತೊಡೆಸಂದಿನ ದೊಡ್ಡ ಅಭಿಧಮನಿಗೆ, ಅಂದರೆ ಕೆಟ್ಟ ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳಕ್ಕೆ, ಏಳೆಂಟು ಮಿಲಿಮೀಟರ್ ದಪ್ಪದ ಕೊಳವೆ ಇಳಿಸುತ್ತೇವೆ. ಕಪ್ಪುಗೆಂಪು ರಕ್ತ ಅದರಲ್ಲಿ ಹೊರಗೆ ಬರುತ್ತದೆ. ಪಂಪ್ ಅದನ್ನು ಆಕ್ಸಿಜನೇಟರ್ ಎಂಬ ಡಬ್ಬಿಗೆ ತಳ್ಳುತ್ತದೆ. ಆ ಡಬ್ಬಿಯೊಳಗೆ ಸಾವಿರಾರು ಪೊಳ್ಳು ಎಳೆಗಳಿವೆ. ಎಳೆಯ ಒಳಗೆ ಆಕ್ಸಿಜನ್, ಹೊರಗೆ ರಕ್ತ. ಎಳೆಯ ಗೋಡೆಯ ಮೂಲಕ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಆಚೆ ಬರುತ್ತದೆ. ಹೊಳೆಯುವ ಕೆಂಪಾದ ರಕ್ತ ಇನ್ನೊಂದು ಕೊಳವೆಯಲ್ಲಿ ದೇಹಕ್ಕೆ ವಾಪಸ್. ನಿಮಿಷಕ್ಕೆ ನಾಲ್ಕೈದು ಲೀಟರ್ ಹೀಗೆ ಓಡುತ್ತದೆ. ದೊಡ್ಡವರ ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಅಂದರೆ ಹೆಚ್ಚುಕಮ್ಮಿ ಅಷ್ಟೂ ರಕ್ತ ನಿಮಿಷಕ್ಕೊಮ್ಮೆ ಆಚೆ ಹೋಗಿ ಒಳಗೆ ಬರುತ್ತಿರುತ್ತದೆ.

ವಾಪಸ್ ಬರುವ ಕೊಳವೆ ಎಲ್ಲಿಗೆ ಸೇರುತ್ತದೆ ಎಂಬುದರ ಮೇಲೆ ಎಕ್ಮೋದಲ್ಲಿ ಎರಡು ಬಗೆ. ಕುತ್ತಿಗೆಯ ಅಭಿಧಮನಿಗೆ ಸೇರಿದರೆ ವಿ-ವಿ ಎಕ್ಮೋ. ಅದು ಶ್ವಾಸಕೋಶದ ಕೆಲಸ ಮಾತ್ರ ಮಾಡುತ್ತದೆ. ಪಂಪ್ ಮಾಡುವ ಕೆಲಸವನ್ನು ರೋಗಿಯ ಹೃದಯವೇ ಮಾಡಬೇಕು. ನಿಮ್ಮ ಭಾವನಿಗೆ ಹಾಕಿದ್ದು ಇದೇ ಇರಬೇಕು. ತೊಡೆಯ ಅಪಧಮನಿಗೆ, ಅಂದರೆ ಶುದ್ಧ ರಕ್ತದ ನಾಳಕ್ಕೆ ಸೇರಿಸಿದರೆ ವಿ-ಎ ಎಕ್ಮೋ. ಅದು ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಾಡುತ್ತದೆ. ಪಕ್ಕದ ಮನೆಯವರಿಗೆ ಹಾಕುವುದಾಗಿದ್ದರೆ ಈ ಬಗೆ. ಎರಡಕ್ಕೂ ಹೆಸರು ಒಂದೇ ಆದರೂ ಯಾರಿಗೆ ಹಾಕಬೇಕು, ಏನು ಅಪಾಯ, ಎಷ್ಟು ಮಂದಿ ಉಳಿಯುತ್ತಾರೆ ಎಂಬ ಲೆಕ್ಕವೆಲ್ಲ ಬೇರೆ ಬೇರೆ.

ಮೊದಲು ಭಾವನ ವಿಷಯ. ಕರಾವಳಿಯಲ್ಲಿ ಇಲಿ ಜ್ವರ ಹೊಸತೇನಲ್ಲ. ಗದ್ದೆ, ತೋಟದ ಕಣಿ, ಹಟ್ಟಿ, ಮಳೆನೀರು ನಿಂತ ಅಂಗಳ, ಕಾಲಲ್ಲೊಂದು ಸಣ್ಣ ಗಾಯ ಇದ್ದರೆ ಸಾಕು. ಹೆಚ್ಚಿನವರಿಗೆ ಜ್ವರ, ಮೈಕೈ ನೋವು ಬಂದು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕೆಲವರಿಗೆ ಕಾಮಾಲೆ, ಕಿಡ್ನಿ ತೊಂದರೆ. ತೀರಾ ಕೆಲವರಿಗೆ ಶ್ವಾಸಕೋಶದ ಒಳಗೇ ರಕ್ತ ಸುರಿಯುತ್ತದೆ. ಗಾಳಿ ಇರಬೇಕಾದ ಗುಳ್ಳೆಗಳಲ್ಲಿ ರಕ್ತ ತುಂಬಿದರೆ ವೆಂಟಿಲೇಟರ್ ಎಷ್ಟು ಆಕ್ಸಿಜನ್ ತಳ್ಳಿದರೂ ಅದು ರಕ್ತನಾಳ ಮುಟ್ಟುವುದಿಲ್ಲ. ಕೆಲವೊಮ್ಮೆ ಗಂಟೆಗಳಲ್ಲೇ ಪ್ರಾಣ ಹೋಗುತ್ತದೆ.

ಆದರೆ ಈ ರೋಗದಲ್ಲಿ ಒಂದು ಒಳ್ಳೆಯ ಗುಣ ಉಂಟು. ರೋಗಾಣು ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್ ಸಾಕು. ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಶಾಶ್ವತ ಗಾಯ ಆಗುವುದಿಲ್ಲ. ಆ ಕೆಲವು ದಿನ ದಾಟಿಸಿಬಿಟ್ಟರೆ ಎಷ್ಟೋ ಮಂದಿಯಲ್ಲಿ ರಕ್ತ ಕರಗಿ ಶ್ವಾಸಕೋಶ ಮೊದಲಿನಂತಾಗುತ್ತದೆ. 42ರ ಪ್ರಾಯ, ಬೇರೆ ಕಾಯಿಲೆ ಇಲ್ಲ, ಮದ್ದಿರುವ ರೋಗ, ವಾಸಿಯಾಗುವ ಶ್ವಾಸಕೋಶ. ಕಾಯಲು ಅಲ್ಲಿ ಎಲ್ಲವೂ ಇತ್ತು. ಎಕ್ಮೋಗೆ ಇಂಥ ರೋಗಿ ಸಿಗುವುದೇ ಅಪರೂಪ.

'ಶ್ವಾಸಕೋಶದಲ್ಲಿ ರಕ್ತಸ್ರಾವ ಆಗುವಾಗ ಎಕ್ಮೋ ಹಾಕುವುದಾ? ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕಲ್ಲ?' ಅಂತ ಯಾರಾದರೂ ಓದಿದವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ರಕ್ತ ಪ್ಲಾಸ್ಟಿಕ್ ಮುಟ್ಟಿದರೆ ಹೆಪ್ಪುಗಟ್ಟಲು ನೋಡುತ್ತದೆ, ಅದಕ್ಕೇ ಹೆಪಾರಿನ್. ಆದರೆ ಈಗಿನ ಕೊಳವೆಗಳಿಗೆ ಒಳಗಿಂದ ಲೇಪ ಇರುತ್ತದೆ. ವಿ-ವಿ ಎಕ್ಮೋದಲ್ಲಿ ರಕ್ತದ ಓಟ ಜೋರಾಗಿದ್ದರೆ ಹೆಪಾರಿನ್ ತೀರಾ ಕಡಿಮೆ ಮಾಡಿ, ಕೆಲವು ದಿನ ಪೂರ್ತಿ ನಿಲ್ಲಿಸಿಯೂ ನಡೆಸಬಹುದು. ಡಬ್ಬಿಯಲ್ಲಿ ಹೆಪ್ಪುಗಟ್ಟಿದರೆ ಡಬ್ಬಿ ಬದಲಿಸಬಹುದು.

ಎಕ್ಮೋ ಹಾಕಿದ ಮೇಲೂ ವೆಂಟಿಲೇಟರ್ ಯಾಕೆ ತೆಗೆಯಲಿಲ್ಲ ಅಂತ ನಿಮ್ಮ ಮನೆಯಲ್ಲೂ ಕೇಳಿರಬಹುದು. ತೆಗೆಯುವುದಿಲ್ಲ, ಅದರ ಜೋರು ಇಳಿಸುತ್ತೇವೆ. ಎಕ್ಮೋದ ನಿಜವಾದ ಲಾಭ ಇಲ್ಲೇ ಇದೆ ಅಂತ ನನ್ನ ಎಣಿಕೆ. ಕಾಯಿಲೆಬಿದ್ದ ಶ್ವಾಸಕೋಶಕ್ಕೆ ವೆಂಟಿಲೇಟರ್‌ನ ಒತ್ತಡವೇ ಇನ್ನಷ್ಟು ಗಾಯ ಮಾಡುತ್ತದೆ. 2000ದಲ್ಲಿ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಇದನ್ನು ಸಂಶಯವಿಲ್ಲದೆ ತೋರಿಸಿತು. ಪ್ರತಿ ಉಸಿರಿಗೆ ಕೊಡುವ ಗಾಳಿಯನ್ನು ಕೆ.ಜಿ.ಗೆ 12 ಎಂಎಲ್‌ನಿಂದ 6 ಎಂಎಲ್‌ಗೆ ಇಳಿಸಿದ್ದಕ್ಕೇ ಸಾವು ನೂರಕ್ಕೆ ಸುಮಾರು 40ರಿಂದ 31ಕ್ಕೆ ಇಳಿಯಿತು. ಎಕ್ಮೋ ಇದ್ದರೆ ಶ್ವಾಸಕೋಶಕ್ಕೆ ಅದಕ್ಕಿಂತ ಜಾಸ್ತಿ ವಿಶ್ರಾಂತಿ ಕೊಡಬಹುದು.

ಹಾಗೆಯೇ ಮಾನಿಟರ್‌ನಲ್ಲಿ ಆಕ್ಸಿಜನ್ 86, 88 ಅಂತ ತೋರಿಸಿದರೆ ಮನೆಯವರು ಗಾಬರಿ ಬೀಳುತ್ತಾರೆ. 'ಇಷ್ಟು ದೊಡ್ಡ ಮೆಷಿನ್ ಇದ್ದೂ ನೂರು ಯಾಕೆ ಬರುವುದಿಲ್ಲ?' ವಿ-ವಿ ಎಕ್ಮೋದಲ್ಲಿ ಮೆಷಿನಿನ ರಕ್ತ, ರೋಗಿಯ ಸ್ವಂತ ರಕ್ತ ಎರಡೂ ಬೆರೆಯುತ್ತವೆ. ಅಷ್ಟು ಬಂದರೆ ಮೆದುಳು, ಕಿಡ್ನಿಗೆ ಸಾಮಾನ್ಯವಾಗಿ ಸಾಕು. ಸುಮ್ನೆ ನೂರಕ್ಕೆ ಏರಿಸಲು ವೆಂಟಿಲೇಟರ್ ಜೋರು ಮಾಡಿದರೆ ಎಕ್ಮೋ ಹಾಕಿದ್ದೇ ದಂಡ.

ಈ ಬುದ್ಧಿ ನಮಗೂ ಒಂದೇ ದಿನಕ್ಕೆ ಬಂದದ್ದಲ್ಲ. ದೊಡ್ಡವರೊಬ್ಬರನ್ನು ಹೀಗೆ ಮೊದಲು ಉಳಿಸಿದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಪಘಾತದಲ್ಲಿ ಗಾಯಗೊಂಡ 24 ವರ್ಷದ ಯುವಕನನ್ನು ಡಾಕ್ಟರ್ ಡೊನಾಲ್ಡ್ ಹಿಲ್ ತಂಡ 75 ಗಂಟೆ ಮೆಷಿನ್ ಮೇಲೆ ಇಟ್ಟು ಬದುಕಿಸಿತು. ಎಲ್ಲರಿಗೂ ಉತ್ಸಾಹ ಬಂತು. 1979ರಲ್ಲಿ 90 ರೋಗಿಗಳ ಅಧ್ಯಯನದ ಫಲಿತಾಂಶ ಬಂದಾಗ ಉತ್ಸಾಹ ಇಳಿಯಿತು. ಎಕ್ಮೋ ಹಾಕಿದರೂ ಹಾಕದಿದ್ದರೂ ಹತ್ತರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆಗ ಎಕ್ಮೋ ಹಾಕಿ ವೆಂಟಿಲೇಟರನ್ನೂ ಜೋರಾಗಿಯೇ ಓಡಿಸುತ್ತಿದ್ದರು. ಹೆಪಾರಿನ್ ಸುರಿದು ರಕ್ತಸ್ರಾವವೂ ಜಾಸ್ತಿ. ಆಮೇಲೆ ಎಷ್ಟೋ ವರ್ಷ ದೊಡ್ಡವರ ಎಕ್ಮೋ ಮೂಲೆಗೆ ಬಿತ್ತು. ಮಿಷಿಗನ್‌ನ ರಾಬರ್ಟ್ ಬಾರ್ಟ್‌ಲೆಟ್ ಅಂಥವರು ಹಸುಗೂಸುಗಳಲ್ಲಿ ಅದನ್ನು ಉಳಿಸಿಕೊಂಡು ಬಂದರು.

ದೊಡ್ಡವರ ಎಕ್ಮೋಗೆ ಮತ್ತೆ ಜೀವ ಬಂದದ್ದು 2009ರಲ್ಲಿ. ಒಂದು ಕಡೆ ಎಚ್1ಎನ್1 ಜ್ವರ, ಇನ್ನೊಂದು ಕಡೆ ಬ್ರಿಟನ್ನಿನ ಸೀಸರ್ ಅಧ್ಯಯನ. 180 ರೋಗಿಗಳಲ್ಲಿ ಅರ್ಧ ಮಂದಿಯನ್ನು ಎಕ್ಮೋ ಕೇಂದ್ರಕ್ಕೆ ಕಳಿಸಿದರು, ಉಳಿದವರು ಇದ್ದಲ್ಲೇ ಚಿಕಿತ್ಸೆ ಪಡೆದರು. ಆರು ತಿಂಗಳ ಮೇಲೆ ಅಂಗವೈಕಲ್ಯ ಇಲ್ಲದೆ ಬದುಕಿದ್ದವರು ಎಕ್ಮೋ ಕೇಂದ್ರದ ಗುಂಪಿನಲ್ಲಿ ನೂರಕ್ಕೆ 63, ಇನ್ನೊಂದರಲ್ಲಿ 47. ಆದರೆ ಇದರಲ್ಲೊಂದು ತಮಾಷೆ ಇದೆ. ಕೇಂದ್ರಕ್ಕೆ ಕಳಿಸುವ ಗುಂಪಿನ ನಾಲ್ವರಲ್ಲಿ ಒಬ್ಬರಿಗೆ ಎಕ್ಮೋ ಹಾಕಲೇ ಇಲ್ಲ. ಹಾಗಾದರೆ ಉಳಿಸಿದ್ದು ಮೆಷಿನ್ನಾ, ಒಳ್ಳೆಯ ಐಸಿಯುವಾ? ನಾನಂತೂ ಎರಡೂ ಅನ್ನುವ ಕಡೆ. 2018ರ ಇಯೋಲಿಯಾ ಅಧ್ಯಯನದಲ್ಲಿ 60 ದಿನದೊಳಗೆ ಸತ್ತವರು ಎಕ್ಮೋ ಗುಂಪಿನಲ್ಲಿ ನೂರಕ್ಕೆ 35, ಇನ್ನೊಂದರಲ್ಲಿ 46. ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಖಚಿತವಾಗಿ ಹೇಳಲು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಸ್ವಲ್ಪದರಲ್ಲಿ ಸಾಲಲಿಲ್ಲ. ಎಕ್ಮೋ ಇಲ್ಲದ ಗುಂಪಿನಲ್ಲೂ ಕಾಲುಭಾಗಕ್ಕಿಂತ ಜಾಸ್ತಿ ಮಂದಿಗೆ ಕೊನೆಗೆ ಪ್ರಾಣ ಉಳಿಸಲು ಎಕ್ಮೋ ಹಾಕಬೇಕಾಗಿ ಬಂತು, ಅದೂ ಒಂದು ಕಾರಣ.

ನಮ್ಮಲ್ಲಿ ಹೆಚ್ಚಿನವರು ಎಕ್ಮೋ ಹೆಸರು ಕೇಳಿದ್ದು 2020ರಲ್ಲಿ, ಗಾಯಕ ಎಸ್‌ಪಿಬಿ ಚೆನ್ನೈ ಆಸ್ಪತ್ರೆಯಲ್ಲಿದ್ದಾಗ. ಅವರು ಉಳಿಯಲಿಲ್ಲವಲ್ಲ, ಹಾಗಾಗಿ ಎಕ್ಮೋ ಅಂದರೆ ಕೊನೆಯ ಹಂತ ಎಂಬ ಭಾವನೆ ಬಲವಾಯಿತು. ಅದೇ ವರ್ಷ 36 ದೇಶಗಳ 1,035 ಕೋವಿಡ್ ರೋಗಿಗಳ ಲೆಕ್ಕ ಬಂತು. ಎಕ್ಮೋ ಹಾಕಿದವರಲ್ಲಿ ನೂರಕ್ಕೆ ಸುಮಾರು 37 ಮಂದಿ ತೀರಿಕೊಂಡಿದ್ದರು. ಅಂದರೆ ಹೆಚ್ಚಿನವರು ಉಳಿದಿದ್ದರು. ಮುಂದಿನ ತಿಂಗಳುಗಳಲ್ಲಿ ಈ ಲೆಕ್ಕ ಕೆಟ್ಟಿತು ಎಂಬುದನ್ನೂ ಹೇಳಬೇಕು.

ಈಗ ಪಕ್ಕದ ಮನೆಯ ಹಿರಿಯರ ವಿಷಯ. ಅವರು ಕುಸಿದುಬಿದ್ದದ್ದು ಹೃದಯ ನಿಂತು ಅಂತ ಇಟ್ಟುಕೊಳ್ಳುತ್ತೇನೆ. ಹೃದಯ ನಿಂತ ಮೇಲೆ ಎಕ್ಮೋ ಹಾಕುವ ಪದ್ಧತಿ ಇದೆ, ಇಲ್ಲ ಅಂತ ಅಲ್ಲ. ಆದರೆ ಅದಕ್ಕೆ ಷರತ್ತುಗಳು ಬಿಗಿ. ಬಿದ್ದದ್ದನ್ನು ಯಾರಾದರೂ ಕಣ್ಣಾರೆ ನೋಡಿರಬೇಕು. ಒಂದೆರಡು ನಿಮಿಷದಲ್ಲೇ ಎದೆ ಒತ್ತುವುದು, ಅಂದರೆ ಸಿಪಿಆರ್, ಶುರುವಾಗಿರಬೇಕು. ಹೃದಯದ ಲಯ ಶಾಕ್‌ಗೆ ಬಗ್ಗುವಂಥದ್ದಾಗಿದ್ದರೆ ಒಳ್ಳೆಯದು. ಸುಮಾರು ಒಂದು ಗಂಟೆಯೊಳಗೆ ಮೆಷಿನ್ ಓಡುತ್ತಿರಬೇಕು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 30 ರೋಗಿಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬಂತು. ಎಕ್ಮೋ ಗುಂಪಿನಲ್ಲಿ ನೂರಕ್ಕೆ 43 ಮಂದಿ ಬದುಕಿ ಮನೆಗೆ ಹೋದರು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 7. ಆದರೆ ಅದು ಅದಕ್ಕೆಂದೇ ತಯಾರಾಗಿ ನಿಂತ ಊರು. ನೆದರ್‌ಲ್ಯಾಂಡ್ಸ್‌ನಲ್ಲಿ ಹಲವು ಆಸ್ಪತ್ರೆಗಳಲ್ಲಿ ಮಾಡಿ ನೋಡಿದಾಗ, 2023ರ ವರದಿಯಂತೆ, ಮೆದುಳು ಚೆನ್ನಾಗಿದ್ದು ಉಳಿದವರು ಎಕ್ಮೋ ಗುಂಪಿನಲ್ಲಿ ನೂರಕ್ಕೆ 20, ಇನ್ನೊಂದರಲ್ಲಿ 16. ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ.

ಆ ಮುಕ್ಕಾಲು ಗಂಟೆಯಲ್ಲಿ ಯಾರಾದರೂ ಎದೆ ಒತ್ತಿದ್ದರಾ ಅಂತ ನೀವು ಬರೆದಿಲ್ಲ. ಒತ್ತಿರಲಿಲ್ಲ ಅಂತಾದರೆ, ರಕ್ತ ಸಿಗದ ಮೆದುಳಿಗೆ ಐದು ಹತ್ತು ನಿಮಿಷದಲ್ಲೇ ವಾಸಿಯಾಗದ ಪೆಟ್ಟು ಬೀಳುತ್ತದೆ. ಆಮೇಲೆ ಎಕ್ಮೋ ಹಾಕಿದರೆ ಮಾನಿಟರ್‌ನಲ್ಲಿ ಬಿಪಿ ಬರುತ್ತದೆ, ಮೈ ಬೆಚ್ಚಗಾಗುತ್ತದೆ, ಮನುಷ್ಯ ಮಾತ್ರ ವಾಪಸ್ ಬರುವುದಿಲ್ಲ. ಜೊತೆಗೆ 74ರಲ್ಲಿ, ಡಯಾಲಿಸಿಸ್ ಮೇಲಿದ್ದವರಿಗೆ, ಹೃದಯ ಕಸಿಯ ದಾರಿಯೂ ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಲೂ ರೋಗಿ ಕಸಿಗೆ ತಕ್ಕವನು ಅಂತ ಆಸ್ಪತ್ರೆ ಹೇಳಬೇಕು. ಹಾಗಾಗಿ ಕಾಯಲು ಅಲ್ಲಿ ಏನಿತ್ತು? ಬರೇ ವಯಸ್ಸು ನೋಡಿ ಬೇಡ ಅಂದದ್ದಲ್ಲ. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದವರಿಗೂ ಎಕ್ಮೋ ಹಾಕುವುದಿದೆ. ಮಕ್ಕಳು ಖರ್ಚಿಗೆ ತಯಾರಿದ್ದೂ ಆ ಡಾಕ್ಟರು ಬೇಡ ಅಂದರಲ್ಲ, ಬಿಲ್ಲಿನ ಆಸೆ ಇದ್ದವರು ಹಾಗೆ ಹೇಳುತ್ತಿರಲಿಲ್ಲ. ಆದರೆ ಯಾಕೆ ಬೇಡ ಎಂಬುದನ್ನು ಮಕ್ಕಳಿಗೆ ಕೂತು ವಿವರಿಸಿದ್ದರಾ? ಇಲ್ಲದಿದ್ದರೆ ಅದು ದೊಡ್ಡ ಕೊರತೆ. ಊರಲ್ಲಿ ಇಂಥ ಮಾತುಗಳು ಹುಟ್ಟುವುದೇ ಅಲ್ಲಿ.

ಹೃದಯ ಪೂರ್ತಿ ನಿಲ್ಲದೆ, ಹಾರ್ಟ್ ಅಟ್ಯಾಕ್‌ನಿಂದ ಬಿಪಿ ಕುಸಿದವರಿಗೂ ಎಲ್ಲರಿಗೂ ವಿ-ಎ ಎಕ್ಮೋ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಈಗ ಒಳ್ಳೆಯ ಪುರಾವೆ ಇದೆ. 2023ರಲ್ಲಿ ಪ್ರಕಟವಾದ, ನಾನೂರಕ್ಕೂ ಹೆಚ್ಚು ರೋಗಿಗಳಿದ್ದ ಜರ್ಮನಿ ಕಡೆಯ ಅಧ್ಯಯನ ಅದು. 30 ದಿನದೊಳಗಿನ ಸಾವು ಎಕ್ಮೋ ಹಾಕಿದವರಲ್ಲಿ ನೂರಕ್ಕೆ 47.8, ಹಾಕದವರಲ್ಲಿ 49. ಹೆಚ್ಚುಕಮ್ಮಿ ಒಂದೇ. ರಕ್ತಸ್ರಾವ, ಕಾಲಿಗೆ ರಕ್ತ ಹೋಗುವುದು ನಿಲ್ಲುವ ತೊಂದರೆ ಮಾತ್ರ ಎಕ್ಮೋ ಗುಂಪಿನಲ್ಲಿ ಜಾಸ್ತಿ.

ಯಾಕೆ ಹೀಗೆ ಅಂದರೆ, ವಿ-ಎ ಎಕ್ಮೋ ತೊಡೆಯಿಂದ ರಕ್ತವನ್ನು ಮೇಲಕ್ಕೆ, ಹೃದಯದ ಎದುರು ದಿಕ್ಕಿನಲ್ಲಿ ತಳ್ಳುತ್ತದೆ. ಮೊದಲೇ ಸೋತ ಹೃದಯ ಆ ಒತ್ತಡದ ಎದುರು ಪಂಪ್ ಮಾಡಬೇಕು. ಆಗದಿದ್ದರೆ ಹೃದಯ ಊದಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ತೊಡೆಯ ನಾಳದಲ್ಲಿ ದಪ್ಪ ಕೊಳವೆ ಕೂತರೆ ಅದರ ಕೆಳಗಿನ ಕಾಲಿಗೆ ರಕ್ತ ಸಿಗುವುದಿಲ್ಲ. ಅದಕ್ಕೆಂದೇ ಇನ್ನೊಂದು ಸಣ್ಣ ಕೊಳವೆ ಕೆಳಮುಖವಾಗಿ ಹಾಕಬೇಕಾಗುತ್ತದೆ. ಇನ್ನೂ ಒಂದು ಸೂಕ್ಷ್ಮ ಇದೆ. ಹೃದಯ ಚೇತರಿಸಿಕೊಳ್ಳುತ್ತಾ ಬಂದು ಶ್ವಾಸಕೋಶ ಇನ್ನೂ ಕೆಟ್ಟೇ ಇದ್ದರೆ ತಲೆಗೆ ಕೆಟ್ಟ ರಕ್ತ, ಕಾಲಿಗೆ ಒಳ್ಳೆಯ ರಕ್ತ ಹೋಗುವ ವಿಚಿತ್ರ ಪರಿಸ್ಥಿತಿ ಬರುತ್ತದೆ. ಇದು ಮೊದಲು ಗೊತ್ತಾಗುವುದು ಬಲಗೈಯಲ್ಲಿ. ಅದಕ್ಕೇ ಆಕ್ಸಿಜನ್ ನೋಡುವ ಕ್ಲಿಪ್ಪನ್ನು ಬಲಗೈ ಬೆರಳಿಗೇ ಹಾಕಿರುತ್ತೇವೆ. ಐಸಿಯು ಒಳಗೆ ಹೋದಾಗ ಅದನ್ನು ಎಡಗೈಗೆ ಬದಲಿಸಿ ಅಂತ ಸಿಸ್ಟರ್ ಹತ್ತಿರ ಹೇಳಬೇಡಿ ಮಾರಾಯ್ರೇ.

ಹಾಗಂತ ವಿ-ಎ ಎಕ್ಮೋ ವ್ಯರ್ಥ ಅಂತಲ್ಲ. ಪ್ರಾಯದವರಲ್ಲಿ ವೈರಸ್‌ನಿಂದ ಹೃದಯದ ಸ್ನಾಯು ಊದಿಕೊಂಡಾಗ, ಶ್ವಾಸಕೋಶದ ನಾಳದಲ್ಲಿ ದೊಡ್ಡ ಹೆಪ್ಪು ಸಿಕ್ಕಿಕೊಂಡಾಗ, ಕೆಲವು ಮಾತ್ರೆಗಳು ವಿಪರೀತ ಒಳಗೆ ಹೋದಾಗ, ಹೃದಯದ ಆಪರೇಷನ್ ಆದ ಮೇಲೆ ಪಂಪ್ ಏಳದಿದ್ದಾಗ ಅದು ನಿಜಕ್ಕೂ ಜೀವ ಉಳಿಸುತ್ತದೆ. ಕಾಳು ಕಾಪಾಡಲು ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯ ವಿಷಕ್ಕೆ ಪ್ರತಿವಿಷವೇ ಇಲ್ಲ. ಆ ವಿಷ ಹೃದಯವನ್ನು ಸೋಲಿಸುವ ಕೆಲವು ದಿನ ವಿ-ಎ ಎಕ್ಮೋದಲ್ಲಿ ದಾಟಿಸಿ ಬದುಕಿಸಿದ್ದು ಉತ್ತರ ಭಾರತದ ಆಸ್ಪತ್ರೆಗಳಲ್ಲಿ ವರದಿಯಾಗಿದೆ. ಪ್ಯಾರಾಕ್ವಾಟ್ ಕಳೆನಾಶಕದ ಕಥೆ ಇದಕ್ಕೆ ತಿರುಗುಮುರುಗು. ಅದು ಶ್ವಾಸಕೋಶವನ್ನೇ ನಾರುಗಟ್ಟಿಸುತ್ತದೆ, ಸುಧಾರಿಸುವುದಿಲ್ಲ. ಅಲ್ಲಿ ಎಕ್ಮೋ ಹಾಕಿದರೆ ಶ್ವಾಸಕೋಶ ಕಸಿಗೆ ಕಾಯುವುದೊಂದೇ ದಾರಿ.

ದುಡ್ಡಿನ ಮಾತು ಬಿಟ್ಟರೆ ಈ ಉತ್ತರ ಪ್ರಾಮಾಣಿಕ ಆಗುವುದಿಲ್ಲ. ಕೊಳವೆ, ಡಬ್ಬಿ ಎಲ್ಲ ಒಂದೇ ಸಲ ಬಳಸುವಂಥದ್ದು. ಮೊದಲ ದಿನವೇ ಖರ್ಚು ಲಕ್ಷಗಳಿಗೆ ಹೋಗುತ್ತದೆ. ಆಮೇಲೆ ದಿನದಿನದ ಐಸಿಯು, ರಕ್ತ, ಪರೀಕ್ಷೆ, ಎಷ್ಟೋ ಮಂದಿಗೆ ಡಯಾಲಿಸಿಸ್. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಇದೆ. ಎಕ್ಮೋ ಬಿಲ್ ಅದನ್ನು ಸುಲಭವಾಗಿ ದಾಟಬಹುದು. ಯಾವುದು ಸೇರುತ್ತದೆ, ಯಾವುದು ಇಲ್ಲ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಬೇಕು. ದುಡ್ಡಿಲ್ಲದೆ ಎಕ್ಮೋ ಸಿಗದೆ ಹೋದವರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತೋಟ ಅಡವಿಟ್ಟು ಹಾಕಿಸಿ, ಮೂರು ವಾರದ ಮೇಲೆ ರೋಗಿಯೂ ಇಲ್ಲ ತೋಟವೂ ಇಲ್ಲ ಅಂತ ಆದವರೂ ಇದ್ದಾರೆ.

ಅದಕ್ಕೇ ನನ್ನ ಅಭಿಪ್ರಾಯ, ಎಕ್ಮೋ ಹಾಕುವ ಮೊದಲೇ ಡಾಕ್ಟರೂ ಮನೆಯವರೂ ಕೂತು ಒಂದು ಗಡುವು ಮಾತಾಡಿಕೊಳ್ಳಬೇಕು. ಇಷ್ಟು ದಿನ ನೋಡುವುದು, ಇಂಥ ಸುಧಾರಣೆ ಕಾಣದಿದ್ದರೆ ಮುಂದೇನು? ಆ ಮಾತುಕತೆಯಲ್ಲಿ ಇನ್ನೆರಡು ಪ್ರಶ್ನೆ ನೀವೂ ಕೇಳಬಹುದು. 'ಬೋರಲು ಮಲಗಿಸಿ ನೋಡಿದ್ದೀರಾ?' ದಿನಕ್ಕೆ 16 ಗಂಟೆ ಬೋರಲು ಮಲಗಿಸಿದರೆ 28 ದಿನದೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿದದ್ದನ್ನು 2013ರ ಫ್ರಾನ್ಸ್ ಅಧ್ಯಯನ ತೋರಿಸಿದೆ. ಅದಕ್ಕೆ ಬೇಕಾದದ್ದು ನಾಲ್ಕೈದು ಜನರ ಕೈ ಮಾತ್ರ. ಆಗದ ರೋಗಿಗಳೂ ಇದ್ದಾರೆ, ಆದರೆ ಕೇಳುವುದರಲ್ಲಿ ತಪ್ಪಿಲ್ಲ. ಎರಡನೆಯದು, 'ವರ್ಷಕ್ಕೆ ಎಷ್ಟು ಎಕ್ಮೋ ಮಾಡುತ್ತೀರಿ?' ವರ್ಷಕ್ಕೆ 30ಕ್ಕಿಂತ ಜಾಸ್ತಿ ಮಾಡುವ ಕೇಂದ್ರಗಳಲ್ಲಿ ದೊಡ್ಡವರು ಉಳಿಯುವುದು, ಆರಕ್ಕಿಂತ ಕಮ್ಮಿ ಮಾಡುವ ಕೇಂದ್ರಗಳಿಗಿಂತ ಹೆಚ್ಚು. 2015ರಲ್ಲಿ ಎಕ್ಮೋ ರೋಗಿಗಳ ಅಂತರರಾಷ್ಟ್ರೀಯ ನೋಂದಣಿಯ ಲೆಕ್ಕದಿಂದ ಹೊರಬಂದ ಮಾತಿದು. ಮೆಷಿನ್ ಖರೀದಿಸುವುದು ಸುಲಭ. ರಾತ್ರಿ ಎರಡು ಗಂಟೆಗೆ ಕೊಳವೆ ಅಲುಗಿದರೆ ತಕ್ಷಣ ಗುರುತಿಸುವ ಸಿಸ್ಟರ್, ಓಡಿಬರುವ ಪರ್ಫ್ಯೂಷನಿಸ್ಟ್ (ಮೆಷಿನ್ ನೋಡಿಕೊಳ್ಳುವ ತಂತ್ರಜ್ಞ) ತಯಾರಾಗಲು ವರ್ಷಗಳು ಬೇಕು.

ಮೆಷಿನ್ ನಿಲ್ಲಿಸುವ ವಿಷಯದಲ್ಲಿ ಎಷ್ಟೋ ಮನೆಯವರಿಗೆ ಕಾನೂನಿನ ಹೆದರಿಕೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಮಾಡಿಕೊಟ್ಟಿತು, 2023ರಲ್ಲಿ ನಿಯಮ ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದರ ಆದೇಶ ಹೊರಡಿಸಿದೆ. ಚೇತರಿಕೆಯ ಆಸೆ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಎರಡು ಮಂಡಳಿಗಳು ಒಂದರ ನಂತರ ಒಂದು ನೋಡಿ ಒಪ್ಪಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು ಅಪರಾಧವಲ್ಲ.

ಬೈಂದೂರು, ಕುಂದಾಪುರ, ಸುಳ್ಯದ ಕಡೆಯವರಿಗೆ ಇನ್ನೊಂದು ಮಾತು. ವೆಂಟಿಲೇಟರ್‌ನ ಜೋರಿನಲ್ಲೇ ಏಳು ದಿನ ಕಳೆದ ಮೇಲೆ ಎಕ್ಮೋ ಹಾಕಿದರೆ ಲಾಭ ತುಂಬ ಕಮ್ಮಿ. ಅಷ್ಟರಲ್ಲಿ ಶ್ವಾಸಕೋಶ ನಜ್ಜುಗುಜ್ಜಾಗಿರುತ್ತದೆ. ಪ್ರಾಯದ ರೋಗಿಗೆ ವೆಂಟಿಲೇಟರ್ ಹಾಕಿ, ಬೋರಲು ಮಲಗಿಸಿಯೂ ಒಂದು ದಿನದಲ್ಲಿ ಸುಧಾರಣೆ ಕಾಣದಿದ್ದರೆ ಮಣಿಪಾಲಕ್ಕೋ ಮಂಗಳೂರಿಗೋ ಫೋನ್ ಮಾಡಿ ಕೇಳುವಂತೆ ಅಲ್ಲಿನ ಡಾಕ್ಟರಿಗೆ ಹೇಳಿ. ಗಂಟೆ ಎರಡು ಗಂಟೆಯ ದಾರಿ. ಜೀರೋ ಟ್ರಾಫಿಕ್ ಮಾಡಿಸಿಕೊಂಡು ಶಿರಾಡಿ ಹತ್ತಿ ಬೆಂಗಳೂರಿಗೆ ಓಡುವುದನ್ನು ಪೇಪರಿನಲ್ಲಿ ಓದಲು ರೋಮಾಂಚನ ಆಗುತ್ತದೆ. ಆದರೆ ಆಕ್ಸಿಜನ್ 70ರಲ್ಲಿರುವ ರೋಗಿಯನ್ನು ಮಳೆಗಾಲದ ಘಾಟಿಯಲ್ಲಿ ಒಯ್ಯುವುದು ದೊಡ್ಡ ಜೂಜು. ಸಾಧ್ಯವಿದ್ದರೆ ಎಕ್ಮೋ ತಂಡವೇ ರೋಗಿ ಇರುವಲ್ಲಿಗೆ ಬಂದು, ಅಲ್ಲೇ ಮೆಷಿನ್ ಹಾಕಿ ಕರೆದೊಯ್ಯುವುದು ಮೇಲು.

ಇನ್ನು ನಿಮ್ಮ ಭಾವನ ತೊಡೆಯ ಜೋಮು. ಕೊಳವೆ ಹಾಕುವ ಜಾಗದ ಪಕ್ಕದಲ್ಲೇ ತೊಡೆಯ ನರಗಳಿವೆ. ಒಂದು ವಾರ ಕೊಳವೆ ಒತ್ತಿ ಕೂತರೆ, ಅಥವಾ ಬೋರಲು ಮಲಗಿಸಿದ್ದರೆ, ಆ ನರಕ್ಕೆ ಪೆಟ್ಟಾಗಬಹುದು. ಸಾಮಾನ್ಯವಾಗಿ ತಿಂಗಳುಗಳಲ್ಲಿ ನಿಧಾನಕ್ಕೆ ಕಮ್ಮಿಯಾಗುತ್ತದೆ. ಮಂಡಿ ಮಡಚಿ ನಿಲ್ಲುವಾಗ ಕಾಲು ಕೈಕೊಡುತ್ತಿದ್ದರೆ ನರತಜ್ಞರಿಗೆ ತೋರಿಸಿ. ಕಾಲು ಊದಿಕೊಂಡಿದ್ದರೆ, ಮೀನಖಂಡ ನೋಯುತ್ತಿದ್ದರೆ ತಡಮಾಡದೆ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಕೊಳವೆ ಇದ್ದ ನಾಳದಲ್ಲಿ ಹೆಪ್ಪುಗಟ್ಟುವುದು ಸಾಮಾನ್ಯ, ಅದಕ್ಕೆ ಮದ್ದು ಬೇಕು.

ರಾತ್ರಿ ಹೆದರಿ ಏಳುವುದು ಮೆಷಿನಿನದ್ದಲ್ಲ, ಐಸಿಯುವಿನದ್ದು. ನಿದ್ರೆ ಮದ್ದಿನ ಮಂಪರಿನಲ್ಲಿ ಕಂಡದ್ದು, ಕೇಳಿದ್ದು ಎಲ್ಲ ಕಲಸಿಹೋಗಿರುತ್ತದೆ. ತನ್ನನ್ನು ಯಾರೋ ಕಟ್ಟಿಹಾಕಿದ್ದರು, ಕೊಲ್ಲಲು ಬಂದಿದ್ದರು ಅಂತ ನಂಬಿಕೊಂಡವರೂ ಇದ್ದಾರೆ. 'ಏನೂ ಆಗಿಲ್ಲ, ಮರೆತುಬಿಡಿ' ಅಂದರೆ ಕಮ್ಮಿಯಾಗದು. ಯಾವ ದಿನ ಏನಾಯಿತು, ಯಾರು ನೋಡಲು ಬಂದಿದ್ದರು, ಕೈ ಯಾಕೆ ಕಟ್ಟಿದ್ದರು ಅಂತ ನಿಮ್ಮಕ್ಕ ಕೂತು ಸಾವಕಾಶವಾಗಿ ಹೇಳಲಿ. ಕೆಲವರಿಗೆ ಐಸಿಯು ಒಮ್ಮೆ ಹಗಲಲ್ಲಿ ನೋಡಿಬಂದರೂ ಹಗುರವಾಗುತ್ತದೆ. ತಿಂಗಳುಗಟ್ಟಲೆ ಹೀಗೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಲು ಸಂಕೋಚ ಬೇಡ. ಕೆಲಸದ ಶಕ್ತಿ ಮರಳಲು ಕೆಲವರಿಗೆ ವರ್ಷವೇ ಹಿಡಿಯುತ್ತದೆ, ಹಾಗಾಗಿ ಫಿಸಿಯೋಥೆರಪಿ ಮಧ್ಯದಲ್ಲಿ ನಿಲ್ಲಿಸಬೇಡಿ.

ಮತ್ತೆ, ಇಲಿ ಜ್ವರ ಒಮ್ಮೆ ಬಂದರೆ ಇನ್ನು ಬರುವುದಿಲ್ಲ ಅಂತ ಇಲ್ಲ. ಅದರ ರೋಗಾಣುವಿನಲ್ಲಿ ಹಲವು ಬಗೆ. ಈ ಮಳೆಗಾಲ ಗದ್ದೆಗೆ ಇಳಿಯುವ ಯೋಚನೆ ಇದ್ದರೆ ಗಂಬೂಟು ಹಾಕಿಕೊಳ್ಳಲಿ, ಗಾಯ ಇರುವಾಗ ಇಳಿಯುವುದು ಬೇಡ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆ ಅವರಿಗೆ ಬೇಕಾ ಅಂತ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. ಜ್ವರ ಬಂದರೆ ಎರಡನೇ ದಿನವೇ ಹೋಗಲಿ, ಹೋದಾಗ ಹಿಂದಿನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ.